ನಮ್ಮ ಪಾಠವನ್ನು ನಾವೇ ಒಮ್ಮೆ ಕೇಳೋಣ

ಶಿಕ್ಷಕ ಮಿತ್ರರೇ, ನಮಸ್ಕಾರ. ಈ ವಾರ ಹೊಸ ಆ್ಯಪ್ ಏನೂ ಬೇಡ, ಕೈಯಲ್ಲಿರುವ ಮೊಬೈಲ್ ಸಾಕು. ಒಂದು ಪಾಠದ 10 ನಿಮಿಷ ಧ್ವನಿ ರೆಕಾರ್ಡ್ ಮಾಡಿ, ಸಂಜೆ ಒಬ್ಬರೇ ಕೂತು ಕೇಳಿ. ಪ್ರಶ್ನೆ ಕೇಳಿದ ಮೇಲೆ ನಾವು ಎಷ್ಟು ಹೊತ್ತು ಕಾಯುತ್ತೇವೆ? ಅದೊಂದನ್ನೇ ಗಮನಿಸಿ. ತರಗತಿಗಳ ಧ್ವನಿಮುದ್ರಣ ಕೇಳಿ ಅಧ್ಯಯನ ಮಾಡಿದ ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದರು: ಶಿಕ್ಷಕರು ಕಾಯುವುದು ಸುಮಾರು 1 ಸೆಕೆಂಡ್ ಮಾತ್ರ. 3 ಸೆಕೆಂಡ್ ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಸುಮ್ಮನೆ ಕೂರುವವರೂ ಬಾಯಿಬಿಡುತ್ತಾರೆ.

ನನ್ನ ರೆಕಾರ್ಡಿಂಗ್‌ನಲ್ಲಿ ಮಗು ಯೋಚಿಸುವಷ್ಟರಲ್ಲಿ ನಾನೇ ಉತ್ತರ ಹೇಳಿಬಿಟ್ಟಿದ್ದೆ. ತುಂಬಾ ಬೇಸರವಾಯಿತು. ಈಗ ಮನಸ್ಸಿನಲ್ಲೇ ಮೂರು ಎಣಿಸುತ್ತೇನೆ.

ಮಕ್ಕಳ ಧ್ವನಿ ಇರುವುದರಿಂದ ಮೊದಲು ಶಾಲೆಯ ಅನುಮತಿ ಪಡೆಯಿರಿ. ರೆಕಾರ್ಡಿಂಗ್ ದಯವಿಟ್ಟು ನಮ್ಮ ಈ ಶಿಕ್ಷಕರ ಗುಂಪಿಗೆ ಹಾಕಬೇಡಿ, ಕೇಳಿದ ಮೇಲೆ ಅಳಿಸಿ. ಕಂಡುಕೊಂಡದ್ದನ್ನು ಶನಿವಾರದೊಳಗೆ ಇಲ್ಲಿ ಎರಡು ಸಾಲು ಬರೆಯಿರಿ.