ಹಳೇ ಫ್ಲಾಪಿ ಡ್ರೈವನ್ನು ಗುಜರಿಗೆ ಹಾಕಬೇಡಿ

ಸಂಪಾದಕರಿಗೆ ನಮಸ್ಕಾರ.

ಹಳೇ ಕಂಪ್ಯೂಟರಿಗೆ ಗೋಟೆಕ್ ಹಾಕಿಸಿ, ಫ್ಲಾಪಿ (ಹಿಂದೆ ಫೈಲುಗಳನ್ನು ಇಡುತ್ತಿದ್ದ ಡಿಸ್ಕ್) ಓದುವ ಡ್ರೈವನ್ನು ಎಸೆದುಬಿಡಿ ಅನ್ನುವವರು ಜಾಸ್ತಿಯಾಗಿದ್ದಾರೆ. ಗೋಟೆಕ್ ಅಂದರೆ ಪೆನ್‌ಡ್ರೈವನ್ನೇ ಫ್ಲಾಪಿ ಅಂತ ಕಂಪ್ಯೂಟರಿಗೆ ನಂಬಿಸುವ ಪೆಟ್ಟಿಗೆ. ಒಳ್ಳೆಯದೇ. ಆದರೆ ಅದಕ್ಕೆ ನಿಜವಾದ ಫ್ಲಾಪಿ ತೂರಿಸಲು ಬಾಯಿಯೇ ಇಲ್ಲವಲ್ಲ! ಅಪ್ಪನ ಅಡಿಕೆ ಲೆಕ್ಕದ ಫ್ಲಾಪಿಗಳನ್ನು ಎಲ್ಲಿ ಓದಿಸಲಿ?

ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ ಫ್ಲಾಪಿ ಡ್ರೈವ್, ಗೋಟೆಕ್ ಎರಡನ್ನೂ ಒಂದೇ ಕೇಬಲ್‌ಗೆ ಹಾಕಿದ್ದೇನೆ. 34 ಎಳೆಯ ಆ ಪಟ್ಟಿ ಕೇಬಲ್‌ನಲ್ಲಿ 7 ಎಳೆಗಳನ್ನು ತಿರುಚಿರುತ್ತಾರೆ, ತಿರುವು ದಾಟಿದ ತುದಿಯಲ್ಲಿರುವುದು ಎ ಡ್ರೈವ್, ತಿರುವಿಗೆ ಮೊದಲು ಸಿಗುವುದು ಬಿ. ಯಾವುದು ಎ, ಯಾವುದು ಬಿ ಅಂತ ಈ ತಿರುವೇ ತೀರ್ಮಾನಿಸುತ್ತದೆ. ಹಾಗಾಗಿ ಪಿಸಿಯಲ್ಲಿ ಎರಡರ ಜಂಪರೂ (ಡ್ರೈವ್ ನಂಬರ್ ಆರಿಸುವ ಪುಟ್ಟ ಕ್ಲಿಪ್) ಒಂದೇ ನಂಬರಿಗೆ ಇರಬೇಕು. ಇದು ತಿಳಿಯದೆ ರಿಪೇರಿಯವರೊಬ್ಬರು ಒಂದನ್ನು ಬದಲಿಸಿದರು. ಎರಡೂ ದೀಪ ಒಟ್ಟಿಗೆ ಹೊತ್ತಿಕೊಂಡವು. ‘ಡ್ರೈವ್ ಹೋಗಿದೆ’ ಅಂದುಬಿಟ್ಟರು. ಸುಮ್ನೆ ಒಂದು ತಿಂಗಳು ಹಾಳು.

ಈಗ ಹಳೇ ಡ್ರೈವ್ ಎ, ಗೋಟೆಕ್ ಬಿ. ಡಾಸ್‌ನಲ್ಲಿ (ಹಳೇ ಪಿಸಿಯ ಆಪರೇಟಿಂಗ್ ಸಿಸ್ಟಂ) ಅಲ್ಲಿಂದ ಇಲ್ಲಿಗೆ ಕಾಪಿ ಮಾಡಿದರಾಯಿತು. ಒಂದು ಫ್ಲಾಪಿಗೆ 1.44 ಎಂಬಿ, ಪೆನ್‌ಡ್ರೈವಿಗೆ ಅದು ಲೆಕ್ಕಕ್ಕೇ ಇಲ್ಲ.

ನಮ್ಮ ಮಳೆಗಾಲದ ಥಂಡಿ ಗೊತ್ತಲ್ವಾ? ಫ್ಲಾಪಿಯ ತಗಡಿನ ಬಾಗಿಲು ಸರಿಸಿ ಬೆಳಕಿಗೆ ಹಿಡಿದು ನೋಡಿ. ಕಪ್ಪು ತಟ್ಟೆಯ ಮೇಲೆ ಬಿಳಿ ಬೂಷ್ಟು ಕಂಡರೆ ಡ್ರೈವಿಗೆ ಹಾಕಲೇಬೇಡಿ, ಅದು ಡ್ರೈವಿನೊಳಗೆ ಫ್ಲಾಪಿ ಓದುವ ಹೆಡ್‌ಗೆ ಮೆತ್ತಿಕೊಂಡು ಮುಂದಿನ ಫ್ಲಾಪಿಯನ್ನೂ ಗೀರುತ್ತದೆ.

ಶಿವಮೊಗ್ಗದ ಹಳೇ ಡಿಟಿಪಿ ಅಂಗಡಿಯವರೇ, ಅಟ್ಟದ ಮೇಲೆ ಡ್ರೈವ್ ಇದ್ದರೆ ಗುಜರಿಯವನಿಗೆ ಕೊಡುವ ಮೊದಲು ನಮ್ಮಂಥವರನ್ನು ಒಮ್ಮೆ ಕೇಳಿ.

– ಒಬ್ಬ ಓದುಗ, ತೀರ್ಥಹಳ್ಳಿ