'ಮೊದಲು' 'ನಂತರ' ಸರಿ, ನಡುವಿನ ಫೋಟೋ ಎಲ್ಲಿ?

ಸಂಪಾದಕರೇ,

ಕಣ್ಣಿನ ಕೆಳಗಿನ ಚೀಲ ತೆಗೆಸೋ ಆಪರೇಷನ್ ಬಗ್ಗೆ ಈಗ ಎಲ್ಲಿ ನೋಡಿದ್ರೂ ಜಾಹೀರಾತು, ಎಡಗಡೆ 'ಮೊದಲು', ಬಲಗಡೆ 'ನಂತರ'. ನಾನೂ ಅದನ್ನೇ ನೋಡಿ ಹೋದ ವರ್ಷ ಮಾಡಿಸ್ಕೊಂಡೆ. ಆಪರೇಷನ್ ಚೆನ್ನಾಗೇ ಆಯ್ತು, ನನ್ನ ತಕರಾರು ಅದಲ್ಲ. ಆ ಎರಡು ಫೋಟೋ ನಡುವೆ ಏನೇನಾಗುತ್ತೆ ಅಂತ ಯಾರೂ ಬಾಯಿಬಿಡಲ್ಲ.

ಚೀಲ ನಿದ್ದೆಗೆಟ್ಟು ಬರೋದು ಅಂತ ಅಂದ್ಕೊಂಡಿದ್ದೆ. ಕಣ್ಣುಗುಡ್ಡೆ ಸುತ್ತ ಮೆತ್ತೆ ತರ ಕೊಬ್ಬಿರುತ್ತಂತೆ, ಅದನ್ನ ತಡೆದಿಟ್ಟಿರೋ ತೆಳು ಪರದೆ ವಯಸ್ಸಾಗ್ತಾ ಸಡಿಲ ಆಗಿ ಕೊಬ್ಬು ಮುಂದಕ್ಕೆ ಉಬ್ಬುತ್ತೆ, ಎಷ್ಟು ನಿದ್ದೆ ಮಾಡಿದ್ರೂ ಹೋಗಲ್ಲ. ರೆಪ್ಪೆ ಒಳಗಿಂದ ಕೊಯ್ದು ಆ ಕೊಬ್ಬು ತೆಗೀತಾರೆ, ಇಲ್ಲಾ ಕೆಳಗೆ ಗುಳಿ ಬಿದ್ದ ಜಾಗಕ್ಕೆ ಸರಿಸಿ ತುಂಬಿಸ್ತಾರೆ, ಹೊರಗೆ ಗುರುತೇ ಕಾಣಲ್ಲ. ಚರ್ಮನೂ ಜೋತುಬಿದ್ದಿದ್ರೆ ರೆಪ್ಪೆಗೂದಲ ಕೆಳಗೆ ಹೊರಗಿಂದ ಕೊಯ್ತಾರೆ, ಹೊಲಿಗೆ ಬಿಚ್ಚೋದು 5-7 ದಿನಕ್ಕೆ. ಒಂದೆರಡು ಗಂಟೆ ಕೆಲಸ, ಸಾಮಾನ್ಯವಾಗಿ ಅದೇ ದಿನ ಮನೆಗೆ.

ಮಜಾ ಇರೋದು ಮನೆಗೆ ಬಂದ ಮೇಲೆ. ಮುಲಾಮು ಹಚ್ಚಿ ಕಣ್ಣೆಲ್ಲ ಮಂಜು, ಗೋಡೆ ಗಡಿಯಾರದಲ್ಲಿ ಗಂಟೆ ಎಷ್ಟು ಅಂತ ಮಗಳನ್ನ ಕೇಳ್ಬೇಕು. ತಲೆ ಎತ್ತರದಲ್ಲಿ ಇರ್ಬೇಕು ಅಂತ ಮೂರು ದಿಂಬು ಇಟ್ಕೊಂಡು ಅರ್ಧ ಕೂತೇ ಮಲಗಿದ್ದು, ಎರಡು ದಿನ ಗಂಟೆಗಂಟೆಗೂ ತಣ್ಣೀರು ಬಟ್ಟೆ. ಮೂರನೇ ದಿನ ಕನ್ನಡಿ ನೋಡಿ ಬೆಚ್ಚಿಬಿದ್ದೆ, ಯಾರೋ ಗುದ್ದಿದ ಹಾಗೆ ನೇರಳೆ ಬಣ್ಣ, ಆಮೇಲೆ ಆ ನೇರಳೆ ಕೆನ್ನೆಗೆ ಇಳಿದು ಹಳದಿ ಆಗಿ ಹೋಗೋಕೆ ಎರಡು ವಾರನೇ ಬೇಕಾಯ್ತು. ಅಷ್ಟು ದಿನ ಬಗ್ಗೋ ಹಾಗಿಲ್ಲ, ಭಾರ ಎತ್ತೋ ಹಾಗಿಲ್ಲ, ಕಾಂಟ್ಯಾಕ್ಟ್ ಲೆನ್ಸ್ ಇಲ್ಲ. ಕಣ್ಣು ಒಣಗಿ ಮರಳು ಬಿದ್ದ ಹಾಗೆ ಚುಚ್ತಿತ್ತು, ಡ್ರಾಪ್ಸ್ ಬಿಟ್ಟು ಇರೋಕಾಗ್ತಿರ್ಲಿಲ್ಲ. ಊತ ಪೂರ್ತಿ ಇಳಿದು ಅಸಲಿ ರೂಪ ಕಾಣೋಕೆ ತಿಂಗಳುಗಟ್ಟಲೆ ಹಿಡೀತು.

ಇಷ್ಟಾಗಿ ನನ್ನ ಕಪ್ಪು ವರ್ತುಲ ಅಲ್ಲೇ ಇದೆ! ಡಾಕ್ಟರನ್ನ ಕೇಳಿದ್ರೆ "ಅದು ಚರ್ಮದ ಬಣ್ಣ ಅಲ್ವಾ, ಇದ್ರಿಂದ ಹೋಗಲ್ಲ" ಅಂದ್ರು. ನಕ್ಕಾಗ ಕಣ್ಣಂಚಲ್ಲಿ ಬೀಳೋ ಗೆರೆಗೂ ಈ ಆಪರೇಷನ್‌ಗೂ ಸಂಬಂಧ ಇಲ್ವಂತೆ. ಈ ಮಾತು ಮುಂಚೆನೇ ಹೇಳಿದ್ರೆ ಏನ್ ಗಂಟು ಹೋಗ್ತಿತ್ತು?

ಅಪಾಯನೂ ಇದೆ. ಚರ್ಮ ಜಾಸ್ತಿ ತೆಗೆದ್ರೆ ರೆಪ್ಪೆ ಕೆಳಕ್ಕೆ ಎಳ್ಕೊಂಡು ಕಣ್ಣಿನ ಬಿಳಿ ಕಾಣುತ್ತೆ, ಕಣ್ಣು ಸರಿಯಾಗಿ ಮುಚ್ಚಲ್ಲ. ಅದಕ್ಕೇ ಒಳ್ಳೆ ಡಾಕ್ಟರು ಮೊದಲೇ ರೆಪ್ಪೆ ಎಳೆದು ಬಿಟ್ಟು ಎಷ್ಟು ಬೇಗ ಹಿಂದಕ್ಕೆ ಹೋಗುತ್ತೆ ನೋಡ್ತಾರೆ, ಕಣ್ಣೀರು ಸಾಕಷ್ಟಿದ್ಯಾ ನೋಡ್ತಾರೆ, ಥೈರಾಯ್ಡ್ ಇದ್ಯಾ, ಆಸ್ಪಿರಿನ್ ತರ ರಕ್ತ ತೆಳು ಮಾಡೋ ಮಾತ್ರೆ ತಗೋತೀರಾ ಅಂತ ಕೇಳ್ತಾರೆ (ಮಾತ್ರೆ ನೀವಾಗೇ ನಿಲ್ಸ್ಬೇಡಿ). ತೀರಾ ಅಪರೂಪಕ್ಕೆ ಕಣ್ಣಿನ ಹಿಂದೆ ರಕ್ತ ಕಟ್ಕೊಂಡು ದೃಷ್ಟಿನೇ ಹೋಗ್ಬಹುದು. ಜೋರು ನೋವು, ಒಂದೇ ಕಣ್ಣು ಉಬ್ಬೋದು, ಮಂಕಾಗೋದು ಆದ್ರೆ ಬೆಳಗಾಗ್ಲಿ ಅಂತ ಕಾಯದೆ ಆಗಲೇ ಆಸ್ಪತ್ರೆಗೆ ಓಡ್ಬೇಕು. ಇದು ನಾನು ಸಹಿ ಹಾಕಿದ ಕಾಗದದಲ್ಲೇ ಇತ್ತು, ಓದಿದ್ದು ಮಾತ್ರ ಮನೆಗೆ ಬಂದ್ಮೇಲೆ.

ಮುಂದಿನ ಸಲ ಇದರ ಬಗ್ಗೆ ಲೇಖನ ಹಾಕಿದ್ರೆ ಮೂರನೇ ದಿನದ ಫೋಟೋನೂ ಒಂದು ಹಾಕಿ. ನನ್ನ ಹತ್ರ ಇದೆ, ಬೇಕಂದ್ರೆ ಕಳಿಸ್ತೀನಿ.

ಇಂತಿ,
ನಿಮ್ಮ ಓದುಗಳು