ಮೂರು ಕೋಟಿಯ ಚಿತ್ರ ಭಂಡಾರ ಹೆಸರುಗಳಿಂದ ಶುರುವಾಗಲಿ

ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಖಾತೆಯ ಹೊಣೆ ಹೊತ್ತ ಮಾನ್ಯ ಸಚಿವರಿಗೆ ವಂದನೆಗಳು.

2025–26ರ ರಾಜ್ಯ ಬಜೆಟ್‌ನಲ್ಲಿ, ನಾಡಿನ ಸಾಮಾಜಿಕ, ಐತಿಹಾಸಿಕ, ಸಾಂಸ್ಕೃತಿಕ ಸಂದರ್ಭಗಳನ್ನು ಬಿಂಬಿಸುವ ಸಿನಿಮಾಗಳನ್ನು ಕಾಪಿಡುವ ಭಂಡಾರಕ್ಕೆ 3 ಕೋಟಿ ರೂಪಾಯಿ ಘೋಷಣೆಯಾಯಿತು. ಮೈಸೂರಿನ 150 ಎಕರೆ ಚಿತ್ರನಗರಿಯ ಗದ್ದಲದಲ್ಲಿ ಈ ಸಾಲು ಹೆಚ್ಚು ಜನರ ಕಣ್ಣಿಗೆ ಬೀಳಲಿಲ್ಲ. ಹಣವೆಲ್ಲ ಸ್ಕ್ಯಾನರ್ ಟೆಂಡರಿಗೂ ಕಟ್ಟಡದ ಗುದ್ದಲಿಪೂಜೆಗೂ ಹೋಗುವ ಮುನ್ನ ನಮ್ಮದೊಂದು ಕೋರಿಕೆ. 1930ರ ದಶಕದಿಂದ 1950ರ ದಶಕದ ಕೊನೆಯವರೆಗೆ ಕನ್ನಡ ಚಿತ್ರಗಳಲ್ಲಿ ದುಡಿದವರು ಯಾರು, ಯಾವ ಕೆಲಸ ಮಾಡಿದರು, ಯಾವ ಊರಿನ ಸ್ಟುಡಿಯೋದಲ್ಲಿ ಮಾಡಿದರು ಎಂಬ ನೋಂದಣಿ ಈ ಭಂಡಾರದ ಮೊದಲ ಕೆಲಸವಾಗಲಿ. ಚಿತ್ರಗಳ ಸರದಿ ಆಮೇಲೆ ಬರಲಿ.

ಹೀಗೆ ಕೇಳಲು ಕಾರಣವಿದೆ. ನಮ್ಮ ಮೊದಲ ವಾಕ್ಚಿತ್ರವೇ ಇಂದು ಇಲ್ಲ. 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡ ‘ಸತಿ ಸುಲೋಚನಾ’ದ ಪ್ರಿಂಟ್ ಉಳಿದಿಲ್ಲ. ಚಮನ್‌ಲಾಲ್ ಡೂಂಗಾಜಿ ನಿರ್ಮಾಪಕರು, ವೈ.ವಿ. ರಾವ್ ನಿರ್ದೇಶಕರು, ಮಾತು ಮತ್ತು ಹಾಡು ಬೆಳ್ಳಾವೆ ನರಹರಿ ಶಾಸ್ತ್ರಿಗಳದು, ಚಿತ್ರೀಕರಣ ನಡೆದದ್ದು ಕೊಲ್ಹಾಪುರದ ಛತ್ರಪತಿ ಸ್ಟುಡಿಯೋದಲ್ಲಿ. ಇಷ್ಟು ಎಲ್ಲ ಪುಸ್ತಕಗಳಲ್ಲೂ ಸಿಗುತ್ತದೆ. ಹಾರ್ಮೋನಿಯಂ, ತಬಲಾ, ಪಿಟೀಲು ನುಡಿಸಿದವರ ಹೆಸರು ಕೇಳಿ ನೋಡಿ. ಆಗ ಹಿನ್ನೆಲೆ ಗಾಯನವಿರಲಿಲ್ಲ. ನಟರು ಕ್ಯಾಮೆರಾ ಮುಂದೆಯೇ ಹಾಡಬೇಕು, ವಾದ್ಯದವರು ಚೌಕಟ್ಟಿನ ಆಚೆ, ಸೆಟ್ಟಿನ ಮರೆಯಲ್ಲಿ ಕೂತು ಅದೇ ಹೊತ್ತಿಗೆ ನುಡಿಸಬೇಕು. ಒಬ್ಬರು ತಾಳ ತಪ್ಪಿದರೆ ಇಡೀ ಶಾಟ್ ಮತ್ತೆ ತೆಗೆಯಬೇಕು. ಚಿತ್ರದ ಅರ್ಧ ಭಾರ ಹೊತ್ತ ಇವರಿಗೆ ಟೈಟಲ್ ಕಾರ್ಡಿನಲ್ಲಿ ಜಾಗ ಕೊಡುವ ರೂಢಿಯೇ ಇರಲಿಲ್ಲ. ದೀಪ ಹಿಡಿದವರು, ಬಡಗಿಗಳು, ಪರದೆ ಬರೆದವರು, ಉಡುಪು ಹೊಲಿದವರದ್ದೂ ಇದೇ ಕಥೆ.

ಆ ಕಾಲದ ವೃತ್ತಿಗಳು ಸಾಗಿದ ದಾರಿಯೂ ದಾಖಲೆಯನ್ನು ಚದುರಿಸಿತು. ಮೂಕಿ ಕಾಲದ ಕೊನೆಗೆ ಬೆಂಗಳೂರಿನಲ್ಲಿ ಹರಿಭಾಯಿ ದೇಸಾಯಿ ಅವರ ಸೂರ್ಯ ಫಿಲ್ಮ್ ಕಂಪನಿಯಿತ್ತು, ಗುಬ್ಬಿ ವೀರಣ್ಣನವರೂ ಚಿತ್ರ ತಯಾರಿಕೆಗೆ ಕೈಹಾಕಿದ್ದರು. ಮಾತಿನ ಚಿತ್ರ ಬಂದ ಮೇಲೆ ಧ್ವನಿಮುದ್ರಣ ಯಂತ್ರವಿದ್ದ ಕಡೆಗೆ ಕೆಲಸ ಹೊರಟಿತು. ಮೊದಲು ಕೊಲ್ಹಾಪುರಕ್ಕೆ, ಆಮೇಲೆ ಮದರಾಸು, ಕೊಯಮತ್ತೂರು, ಸೇಲಂಗಳಿಗೆ. ಹಾಡಬಲ್ಲ ನಟರು ಬೇಕಾದ್ದರಿಂದ ನಾಟಕ ಕಂಪನಿಯವರಿಗೆ ಬಾಗಿಲು ತೆರೆಯಿತು. ‘ಸತಿ ಸುಲೋಚನಾ’ದ ರಾವಣ ಆರ್. ನಾಗೇಂದ್ರರಾಯರು ಮತ್ತು ಇಂದ್ರಜಿತು ಎಂ.ವಿ. ಸುಬ್ಬಯ್ಯನಾಯ್ಡು ಇಬ್ಬರೂ ರಂಗಭೂಮಿಯವರು. ಒಂದು ಕಾಲು ಸ್ಟುಡಿಯೋದಲ್ಲಿ, ಇನ್ನೊಂದು ನಾಟಕದ ಕ್ಯಾಂಪಿನಲ್ಲಿ. ಚಿತ್ರವಿಲ್ಲದ ತಿಂಗಳುಗಳಲ್ಲಿ ಹೊಟ್ಟೆ ಹೊರೆದದ್ದು ನಾಟಕವೇ. ಹಾಗಾಗಿ ಒಬ್ಬ ಕಲಾವಿದೆಯ ಹತ್ತು ವರ್ಷದ ವೃತ್ತಿಯನ್ನು ಜೋಡಿಸಬೇಕಾದರೆ ಕನ್ನಡದ ನಾಟಕ ಕರಪತ್ರ, ತಮಿಳು ಹಾಡಿನ ಪುಸ್ತಕ, ಮರಾಠಿ ಪತ್ರಿಕೆಯ ಜಾಹೀರಾತು ಮೂರನ್ನೂ ಓದಬಲ್ಲವರು ಬೇಕು.

ದೊಡ್ಡ ಹೆಸರುಗಳು ಹೇಗೋ ಉಳಿಯುತ್ತವೆ. ಎಂ.ವಿ. ರಾಜಮ್ಮನವರು 1936ರ ‘ಸಂಸಾರ ನೌಕೆ’ಯಲ್ಲಿ ನಟಿಸಿ, 1943ರಲ್ಲಿ ‘ರಾಧಾರಮಣ’ದ ನಿರ್ಮಾಪಕಿಯಾದದ್ದು ಎಲ್ಲರಿಗೂ ಗೊತ್ತು. 1943ರ ‘ಸತ್ಯ ಹರಿಶ್ಚಂದ್ರ’ ಮರುವರ್ಷ ತಮಿಳಿಗೆ ಡಬ್ ಆಯಿತೆಂಬುದೂ ಗೊತ್ತು. ಆ ಡಬ್ಬಿಂಗಿಗೆ ದನಿ ಕೊಟ್ಟವರು ಯಾರು? ದೇಶದಲ್ಲೇ ಆಗ ಹೊಸದಾಗಿದ್ದ ಒಂದು ಕಸುಬಿನ ಮೊದಲ ಸಾಲಿನವರು ಅವರು. ಪೋಸ್ಟರಿನಲ್ಲಿ ಅಂಥವರಿಗೆ ಜಾಗ ಸಿಗುತ್ತಿರಲಿಲ್ಲ.

ಹಾಗಾದರೆ ಹೆಸರು ಎಲ್ಲಿಂದ ತರುವುದು? ಮೊದಲ ಆಕರ ಟಾಕೀಸಿನ ಬಾಗಿಲಲ್ಲಿ ಅಣೆ ಲೆಕ್ಕದಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕ. ಕೆಲವೇ ಪುಟ, ಅಗ್ಗದ ಕಾಗದ, ನಡುವೆ ಎರಡು ಪಿನ್. ಅದರಲ್ಲಿ ಕಥಾ ಸಾರಾಂಶ, ಪಾತ್ರವರ್ಗ, ಹಾಡುಗಳ ಜೊತೆ ಛಾಯಾಗ್ರಹಣ, ಶಬ್ದಗ್ರಹಣ, ಲ್ಯಾಬ್, ಸಂಕಲನ, ಸೆಟ್ಟಿಂಗ್, ಮೇಕಪ್‌ನವರ ಹೆಸರೂ ಇರುತ್ತವೆ. ಚಿತ್ರ ಕಳೆದುಹೋದ ಕಡೆ ಬಹಳಷ್ಟು ಸಲ ಇದೊಂದೇ ಸಾಕ್ಷಿ. ಎರಡನೆಯದು ಬ್ರಿಟಿಷ್ ಪ್ರಾಂತ್ಯಗಳ ಸೆನ್ಸಾರ್ ಮಂಡಳಿಗಳ ಪಟ್ಟಿ. ಚಿತ್ರದ ಉದ್ದ ಎಷ್ಟು ಅಡಿ, ಅರ್ಜಿ ಹಾಕಿದವರು ಯಾರು ಎಂಬುದು ಅಲ್ಲಿ ಸಿಗುತ್ತದೆ. ದೇಶದ ಸಿನಿಮಾ ಉದ್ಯಮವನ್ನು ವಿಚಾರಿಸಿದ 1927–28ರ ರಂಗಾಚಾರಿಯಾರ್ ಸಮಿತಿಯ ಸಾಕ್ಷ್ಯ ಸಂಪುಟಗಳನ್ನೂ ಬಿಡಬಾರದು. ಆಗಿನ ಉದ್ಯಮದವರು ತಮ್ಮ ಬಾಯಲ್ಲೇ ಹೇಳಿದ ಮಾತುಗಳು ಅದರಲ್ಲಿವೆ. ಉಳಿದದ್ದು ಮನೆಗಳಲ್ಲಿದೆ: ಕರಾರು ಪತ್ರ, ಮನಿಆರ್ಡರ್ ರಸೀದಿ, ಸೆಟ್ಟಿನ ಸ್ಟಿಲ್, ಟ್ರಂಕಿನ ತಳದ ನಾಟಕದ ಹ್ಯಾಂಡ್‌ಬಿಲ್.

ಮನೆಗಳಿಂದ ಸಂಗ್ರಹಿಸುವಾಗಲೇ ಹೆಚ್ಚು ಹಾಳಾಗುವುದು. ಮೂಲವನ್ನು ಹೊತ್ತು ತರಬಾರದು. ಅಲ್ಲೇ ಪ್ರತಿ ಮಾಡಿ, ಮನೆಯವರಿಗೆ ರಸೀದಿಯನ್ನೂ ಒಂದು ಪ್ರತಿಯನ್ನೂ ಕೊಡಬೇಕು. ಫೋಟೋದ ಹಿಂಬದಿಯನ್ನೂ ತೆಗೆಯಬೇಕು. ಸ್ಟುಡಿಯೋ ಮುದ್ರೆ, ಪೆನ್ಸಿಲಿನ ಹೆಸರು ಇರುವುದು ಅಲ್ಲೇ. ಗುರುತು ಹಾಕಲು ಮೆತ್ತನೆಯ ಪೆನ್ಸಿಲ್ ಸಾಕು, ಬಾಲ್‌ಪೆನ್ನಿನ ಶಾಯಿ ಮುಂದಕ್ಕೆ ಇಂಗುತ್ತದೆ. ತುಕ್ಕು ಹಿಡಿದ ಪಿನ್ ತೆಗೆದು ಹತ್ತಿ ದಾರ ಹಾಕಬೇಕು. ಲ್ಯಾಮಿನೇಷನ್ ಬೇಡವೇ ಬೇಡ. ಒಮ್ಮೆ ಮಾಡಿಸಿದರೆ ಬಿಡಿಸುವ ದಾರಿಯಿಲ್ಲ, ಒಳಗಿನ ಕಾಗದ ತನ್ನದೇ ಆಮ್ಲದಲ್ಲಿ ಬೇಯುತ್ತದೆ. ಹುಳ ಬಿದ್ದ ಪುಸ್ತಕವನ್ನು ಗಾಳಿಯಾಡದ ಪಾಲಿಥೀನ್ ಚೀಲದಲ್ಲಿ ಹಾಕಿ ಮೈನಸ್ 20 ಡಿಗ್ರಿಯಲ್ಲಿ ಒಂದು ವಾರ ಇಟ್ಟರೆ ಹುಳ ಸಾಯುತ್ತದೆ. ಹೊರತೆಗೆದ ಮೇಲೆ ಕೋಣೆಯ ಬಿಸಿಗೆ ಬರುವವರೆಗೆ ಚೀಲ ಬಿಚ್ಚಬಾರದು, ಬಿಚ್ಚಿದರೆ ಹನಿ ಕಟ್ಟಿ ಕಾಗದ ನೆನೆಯುತ್ತದೆ.

ನೋಂದಣಿಯ ರಚನೆ ಸರಳವಾಗಿರಲಿ. ಒಬ್ಬರಿಗೆ ಒಂದೇ ಸಂಖ್ಯೆ, ಅದರಡಿ ಸಿಕ್ಕ ಹೆಸರಿನ ಎಲ್ಲ ರೂಪಗಳು. ಒಬ್ಬರೇ ಕನ್ನಡದಲ್ಲಿ ಒಂದು ಬಗೆ, ತಮಿಳಿನಲ್ಲಿ ಇನ್ನೊಂದು, ಇಂಗ್ಲಿಷ್ ಜಾಹೀರಾತಿನಲ್ಲಿ ಮತ್ತೊಂದು ಇನಿಷಿಯಲ್‌ನೊಂದಿಗೆ ಕಾಣಿಸುತ್ತಾರೆ. ನಟಿಯರದ್ದು ಇನ್ನೂ ಕಷ್ಟ. ‘ಬಾಯಿ’ ಬಿಟ್ಟು ‘ದೇವಿ’ ಹಿಡಿದವರು, ಊರಿನ ಹೆಸರು ಕಳಚಿದವರು ಹಲವರು. ಅನುಮಾನವಿದ್ದರೆ ಎರಡು ಸಂಖ್ಯೆ ಕೊಟ್ಟು ಬಿಡಿ. ಎರಡನ್ನು ಆಮೇಲೆ ಕೂಡಿಸುವುದು ಸುಲಭ, ಕಲಸಿಹೋದ ಇಬ್ಬರನ್ನು ಬಿಡಿಸುವುದು ಬಲು ಕಷ್ಟ. ಮಾಡಿದ ಕೆಲಸವನ್ನು ಮೂಲದಲ್ಲಿ ಅಚ್ಚಾದಂತೆಯೇ ಬರೆಯಬೇಕು. ‘ಸೆಟ್ಟಿಂಗ್ಸ್’ ಎಂದಿದ್ದರೆ ‘ಕಲಾ ನಿರ್ದೇಶನ’ ಎಂದು ತಿದ್ದಬಾರದು. ಬೇಕಿದ್ದರೆ ಪಕ್ಕದ ಕಲಂನಲ್ಲಿ ಹಾಕಿ. ಚಿತ್ರದ ವರ್ಷಕ್ಕೆ ಒಂದೇ ಕಲಂ ಇದ್ದರೆ ಜಗಳ ತಪ್ಪದು. ಭವನಾನಿ ನಿರ್ದೇಶನದ, ಕೈಲಾಸಂ ಮತ್ತು ಕಮಲಾದೇವಿ ಚಟ್ಟೋಪಾಧ್ಯಾಯ ನಟಿಸಿದ ಮೃಚ್ಛಕಟಿಕದ ಮೂಕಿಗೆ ಒಂದೊಂದು ಪುಸ್ತಕ ಒಂದೊಂದು ವರ್ಷ ಕೊಡುತ್ತದೆ. ಚಿತ್ರೀಕರಣ, ಸೆನ್ಸಾರ್, ಬಿಡುಗಡೆ ಮೂರಕ್ಕೂ ಬೇರೆ ಬೇರೆ ಕಲಂ ಇರಲಿ, ಪ್ರತಿಯೊಂದರ ಮುಂದೆ ಆಕರ ಇರಲಿ. ಸಿನಿಮಾ ಕಾರ್ಮಿಕರಿಗಾಗಿ 2024ರಲ್ಲಿ ತಂದ ಕಲ್ಯಾಣ ಕಾನೂನಿನಡಿ ಇಂದಿನವರ ನೋಂದಣಿಗೆ ಬಳಸುವ ಕಸುಬಿನ ಪಟ್ಟಿಯನ್ನೇ ಪಕ್ಕದ ಕಲಂಗೆ ಬಳಸಿದರೆ ಹಳೆಯದೂ ಹೊಸದೂ ಒಂದೇ ಸಾಲಿಗೆ ಬರುತ್ತವೆ.

ಇನ್ನು ಫಿಲ್ಮ್ ವಿಚಾರ. ಬಜೆಟ್ ಸಾಲಿನ ‘ಸಾಮಾಜಿಕ, ಐತಿಹಾಸಿಕ, ಸಾಂಸ್ಕೃತಿಕ’ ಎಂಬ ಮಾತು ನಮಗೆ ಅಂಜಿಕೆ ತರುತ್ತದೆ. ಯಾವುದು ಮಹತ್ವದ್ದೆಂದು ಸಮಿತಿ ಕೂತು ಆರಿಸುತ್ತದೆ ಎಂದಲ್ಲವೇ ಅದರರ್ಥ? ಆಯ್ಕೆಯ ಮಾನದಂಡ ರೀಲಿನ ಸ್ಥಿತಿಯಾಗಬೇಕು. ಮೂರು ದಿನ ಓಡಿ ಮಕಾಡೆ ಮಲಗಿದ ಚಿತ್ರದ ಟೈಟಲ್ ಕಾರ್ಡಿನಲ್ಲೂ ದುಡಿದವರ ಹೆಸರಿದೆ.

1950ರ ದಶಕದ ಆರಂಭದವರೆಗಿನ 35 ಮಿ.ಮೀ. ಫಿಲ್ಮ್ ಹೆಚ್ಚಾಗಿ ನೈಟ್ರೇಟ್, ಅಂದರೆ ಬೇಗ ಹೊತ್ತಿಕೊಳ್ಳುವ ಹಳೆಯ ಬಗೆಯದು. ಹೊತ್ತಿಕೊಂಡರೆ ತನ್ನ ಆಮ್ಲಜನಕವನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ, ನೀರಿಗೂ ಮಣಿಯದು. 2003ರ ಜನವರಿ 8ರಂದು ಪುಣೆಯ ಎಫ್‌ಟಿಐಐ ಚಲನಚಿತ್ರ ಸಂಸ್ಥೆಯ ಆವರಣದ ಉಗ್ರಾಣಕ್ಕೆ ಬೆಂಕಿ ಬಿದ್ದಾಗ ಆದದ್ದು ಇದೇ. ಅಂಚಿನಲ್ಲಿ ‘ನೈಟ್ರೇಟ್’ ಅಥವಾ ‘ಸೇಫ್ಟಿ’ (ಸುಲಭಕ್ಕೆ ಹೊತ್ತಿಕೊಳ್ಳದ ಅಸಿಟೇಟ್ ಫಿಲ್ಮ್) ಎಂದಿರುತ್ತದೆ, ಆದರೆ ಅದನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಪ್ರಿಂಟಿನಲ್ಲಿ ಕಪ್ಪಕ್ಷರ ಆ ಫಿಲ್ಮಿನದೇ, ಕಪ್ಪಿನ ಮೇಲೆ ಬಿಳಿ ಅಕ್ಷರ ನೆಗೆಟಿವ್‌ನಿಂದ ಅಚ್ಚಾಗಿ ಬಂದದ್ದು. ಇದನ್ನು ತಿಳಿಯದೆ ವಿಂಗಡಿಸಿದರೆ ನೈಟ್ರೇಟ್ ಡಬ್ಬಿ ಹೋಗಿ ಅಸಿಟೇಟ್ ಕಪಾಟಿನಲ್ಲಿ ಕೂರುತ್ತದೆ. ನೈಟ್ರೇಟ್ ಸಿಕ್ಕರೆ ಬೆಂಗಳೂರಿನಲ್ಲಿ ಇಟ್ಟುಕೊಳ್ಳುವ ಸಾಹಸ ಬೇಡ, ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದೊಂದಿಗೆ ಒಪ್ಪಂದ ಮಾಡಿಕೊಂಡು ಕಳಿಸಿ.

ಅಸಿಟೇಟ್ ನೈಟ್ರೇಟಿನಂತೆ ಭಗ್ಗನೆ ಹೊತ್ತಿಕೊಳ್ಳುವುದಿಲ್ಲ, ಹುಳಿಯುತ್ತದೆ. ಡಬ್ಬಿ ತೆರೆದೊಡನೆ ವಿನೆಗರ್ ವಾಸನೆ ಹೊಡೆದರೆ ಒಳಗೆ ಅಸಿಟಿಕ್ ಆಮ್ಲ ಹುಟ್ಟಿದೆ ಎಂದರ್ಥ, ಹುಟ್ಟಿದ ಆಮ್ಲವೇ ಕೊಳೆತವನ್ನು ಚುರುಕುಗೊಳಿಸುತ್ತದೆ. ಮೂಗನ್ನು ನೆಚ್ಚದೆ ಎ-ಡಿ ಸ್ಟ್ರಿಪ್, ಅಂದರೆ ಆಮ್ಲಕ್ಕೆ ಬಣ್ಣ ಬದಲಿಸುವ ಕಾಗದದ ಪಟ್ಟಿ, ಬಳಸಬೇಕು. ಡಬ್ಬಿಯೊಳಗೆ ಒಂದು ಪಟ್ಟಿ ಹಾಕಿ 24 ಗಂಟೆ ಮುಚ್ಚಿಟ್ಟರೆ, ಫಿಲ್ಮ್ ಚೆನ್ನಾಗಿದ್ದರೆ ಪಟ್ಟಿ ನೀಲಿಯಾಗಿಯೇ ಉಳಿಯುತ್ತದೆ, ಹುಳಿಯತೊಡಗಿದ್ದರೆ ಹಸಿರಾಗುತ್ತದೆ, ತೀರಾ ಕೆಟ್ಟಿದ್ದರೆ ಹಳದಿಗೆ ತಿರುಗುತ್ತದೆ. ಅಳತೆ 0ಯಿಂದ 3, 1.5 ದಾಟಿದ್ದು ಸರದಿಯಲ್ಲಿ ಮೊದಲು. ಶೇಖರಣೆಗೆ 2 ಡಿಗ್ರಿ ಸೆಲ್ಸಿಯಸ್, ತೇವಾಂಶ ಶೇ 20ರಿಂದ 50ರೊಳಗೆ ಸಾಕು. ಸಾಮಾನ್ಯ ಏಸಿ ಕೋಣೆ ಈ ಕೆಲಸಕ್ಕೆ ಬಾರದು. ಸಂಜೆ ಆರಕ್ಕೆ ಆರಿಸಿ ಬೆಳಗ್ಗೆ ಹತ್ತಕ್ಕೆ ಹಾಕುವ ಏಸಿ, ಏಸಿಯೇ ಇಲ್ಲದ್ದಕ್ಕಿಂತ ಕೆಡುಕು. ದಿನವೂ ತೇವ ಏರಿ ಇಳಿಯುತ್ತದೆ. ಜನರೇಟರ್ ಮತ್ತು ಅದರ ಡೀಸೆಲ್ ವೆಚ್ಚವನ್ನು ಮೊದಲ ಅಂದಾಜಿನಲ್ಲೇ ಸೇರಿಸಬೇಕು. ಹೊರತೆಗೆದ ಡಬ್ಬಿ ಒಂದು ದಿನ ನಡುಕೋಣೆಯಲ್ಲಿ ಕಾಯಬೇಕು. ತುಕ್ಕಿನ ತಗಡು ಡಬ್ಬಿ ಬದಲಿಸಿ ಗಾಳಿಯಾಡುವ ಪಾಲಿಪ್ರೊಪಿಲೀನ್ ಡಬ್ಬಿ ಕೊಳ್ಳಿ, ಆದರೆ ಹಳೆಯ ಡಬ್ಬಿಯ ಮೇಲಿನ ಚೀಟಿಯ ಫೋಟೋ ತೆಗೆಯದೆ ಒಂದನ್ನೂ ಎಸೆಯಬೇಡಿ.

ಸ್ಕ್ಯಾನಿಂಗ್ ಲೆಕ್ಕವನ್ನೂ ಅಧಿಕಾರಿಗಳು ಮುಂಚೆಯೇ ನೋಡಲಿ. ಸೆಕೆಂಡಿಗೆ 24 ಚೌಕಟ್ಟಿನಂತೆ ಎರಡು ಗಂಟೆಯ ಚಿತ್ರದಲ್ಲಿ 1,72,800 ಚೌಕಟ್ಟು. 4ಕೆ, 10 ಬಿಟ್‌ನಲ್ಲಿ ಒಂದೊಂದು ಸುಮಾರು 51 ಎಂಬಿ, ಒಟ್ಟು ಎಂಟೂಮುಕ್ಕಾಲು ಟೆರಾಬೈಟ್. ಎರಡು ಪ್ರತಿಯನ್ನು ಎರಡು ಊರಲ್ಲಿ ಇಡಬೇಕು, ಕೆಲವು ವರ್ಷಕ್ಕೊಮ್ಮೆ ಹೊಸ ಟೇಪಿಗೆ ಸಾಗಿಸಬೇಕು. ಹಾರ್ಡ್‌ಡಿಸ್ಕ್‌ಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರೆ ಮುಗಿಯಿತೆಂದುಕೊಳ್ಳಬಾರದು. ಶೇ 1ಕ್ಕಿಂತ ಹೆಚ್ಚು ಕುಗ್ಗಿದ ರೀಲನ್ನು ಹಲ್ಲುಚಕ್ರದ ಯಂತ್ರಕ್ಕೆ ಹಾಕಿದರೆ ರಂಧ್ರಗಳು ಹರಿಯುತ್ತವೆ. ಆದ್ದರಿಂದ ಹಲ್ಲುಚಕ್ರವಿಲ್ಲದ ಸ್ಕ್ಯಾನರ್ ಎಂಬುದು ಟೆಂಡರಿನಲ್ಲಿ ಸ್ಪಷ್ಟವಾಗಿರಬೇಕು. ಯಂತ್ರ ಕೊಳ್ಳದೆ ಮೊದಲೆರಡು ವರ್ಷ ಹೊರಗೆ ಮಾಡಿಸುವುದೇ ಅಗ್ಗವಾದೀತು.

ಕಾಪಿರೈಟ್ ನೆಪದಿಂದ ಕಡತ ನಿಲ್ಲದಿರಲಿ. ಚಿತ್ರದ ಹಕ್ಕು ಪ್ರಕಟಣೆಯ ನಂತರ 60 ವರ್ಷ, ನಾವು ಹೇಳುವ ಕಾಲದ ಚಿತ್ರಗಳೆಲ್ಲ ಅದನ್ನು ದಾಟಿವೆ. ಸಾಹಿತ್ಯ, ಸಂಗೀತದ ಹಕ್ಕು ಕರ್ತೃವಿನ ಮರಣಾನಂತರ 60 ವರ್ಷ. ಹಾಡು ಬರೆದವರು ತೀರಿಕೊಂಡ ವರ್ಷ ತಿಳಿಯದೆ ಅದನ್ನು ಲೆಕ್ಕ ಹಾಕಲಾಗದು, ಅದಕ್ಕೂ ಮತ್ತೆ ಈ ನೋಂದಣಿಯೇ ಬೇಕು.

ಮೊದಲ ವರ್ಷಕ್ಕೆ ನಾಲ್ವರು ಸಾಕು: ಕನ್ನಡ ಮತ್ತು ತಮಿಳು ಓದಬಲ್ಲ ಒಬ್ಬರು, ಕನ್ನಡ ಮತ್ತು ಮರಾಠಿ ಬಲ್ಲ ಒಬ್ಬರು, ಗ್ರಂಥಾಲಯ ಸೂಚೀಕರಣ ಕಲಿತ ಒಬ್ಬರು, ಫಿಲ್ಮ್ ಮುಟ್ಟಿ ಪಳಗಿದ ಒಬ್ಬರು. ಚೆನ್ನೈ ಲ್ಯಾಬ್‌ಗಳಲ್ಲಿ ಉಳಿದಿರಬಹುದಾದ ಕನ್ನಡ ನೆಗೆಟಿವ್‌ಗಳ ಪಟ್ಟಿ ಕೇಳಿ ಇಲಾಖೆಯ ಲೆಟರ್‌ಹೆಡ್‌ನಲ್ಲಿ ಒಂದು ಪತ್ರ ಹೋದರೆ ಇವರ ಕೆಲಸ ನಾಳೆಯೇ ಶುರುವಾಗಬಹುದು. ಖಾಸಗಿಯವರು ಕೇಳಿದರೆ ಆ ಬಾಗಿಲು ತೆರೆಯುವುದಿಲ್ಲ, ಸರ್ಕಾರ ಕೇಳಬೇಕು.

ಇಂತಿ ತಮ್ಮ ವಿಶ್ವಾಸಿಗಳು,
ಹಳೆಯ ಚಿತ್ರ ಮತ್ತು ದಾಖಲೆಗಳ ಸಂರಕ್ಷಣೆಯಲ್ಲಿ ತೊಡಗಿರುವ ಕೆಲವರು